ಬ್ರೂನೋಗೆ ಬಿದ್ದ ಆರನೇ ಏಟು

ಇವತ್ತು ರಾಜಕೀಯ ಬೇಡ. ಒಬ್ಬ ಬಾಕ್ಸರ್ ಕಥೆ ಹೇಳ್ತೀನಿ, ಕೇಳಿ.

ಹೆಸರು ಫ್ರಾಂಕ್ ಬ್ರೂನೋ. ಇಂಗ್ಲೆಂಡಿನವನು. ಹೆವಿವೇಟ್ ಬಾಕ್ಸರ್. ಮೊಹಮ್ಮದ್ ಅಲಿ ಗೊತ್ತು, ಮೈಕ್ ಟೈಸನ್ ಗೊತ್ತು, ಇವನ್ಯಾರು ಅಂತ ನೀವು ಕೇಳಬಹುದು. ತಪ್ಪಿಲ್ಲ. ಆದರೆ ಎಂಬತ್ತು, ತೊಂಬತ್ತರ ದಶಕದ ಇಂಗ್ಲೆಂಡಿನಲ್ಲಿ ಈ ಹೆಸರು ಕೇಳದ ಮನೆ ಇರಲಿಲ್ಲ. ಒಟ್ಟು 45 ಪಂದ್ಯ ಆಡಿದ. 40 ಗೆದ್ದ. ಆ 40ರಲ್ಲಿ 38 ಸಲ ಎದುರಾಳಿಯನ್ನ ಕೊನೇ ಗಂಟೆವರೆಗೆ ನಿಲ್ಲೋಕೇ ಬಿಡಲಿಲ್ಲ. 5 ಸೋತ.

ದಾಖಲೆ ಪುಸ್ತಕ ಐದು ಸೋಲು ಅನ್ನುತ್ತೆ. ನಾನು ಆರು ಅಂತ ಎಣಿಸ್ತೀನಿ. ಆರನೇ ಏಟು ಬಿದ್ದದ್ದು ನಿವೃತ್ತಿಯಾಗಿ ಏಳು ವರ್ಷ ಆದಮೇಲೆ, ಒಂದು ಪತ್ರಿಕೆಯ ಮುಖಪುಟದಲ್ಲಿ. ಹೊಡೆದವರು ನಮ್ಮ ವೃತ್ತಿಯವರು. ಸುದ್ದಿ ಮನೆಯವರು. ಅದಕ್ಕೇ ಈ ಕಥೆಯನ್ನ ನನ್ನಂಥವನೇ ಹೇಳಬೇಕು ಅಂತ ಅನ್ನಿಸ್ತು.

ಮೊದಲಿಂದ ಬರ್ತೀನಿ.

1961ರ ನವೆಂಬರ್‌ನಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹುಟ್ಟಿದ ಹುಡುಗ. ಅಪ್ಪ ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದಿಂದ ಬಂದವರು, ಅಮ್ಮ ಜಮೈಕಾದವರು. ಹುಡುಗ ವಯಸ್ಸಿಗೆ ಮೀರಿ ಬೆಳೆದಿದ್ದ. ಕೈ ಸುಮ್ಮನಿರುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರ ಮೇಲೇ ಕೈ ಎತ್ತಿದ. ಇವನನ್ನ ಇಲ್ಲಿಟ್ಟುಕೊಳ್ಳೋಕೆ ಆಗಲ್ಲ ಅಂತ ಸಸೆಕ್ಸ್‌ನ ಓಕ್ ಹಾಲ್ ಅನ್ನೋ ವಸತಿ ಶಾಲೆಗೆ ಕಳಿಸಿದರು. ಹಠಮಾರಿ ಹುಡುಗರನ್ನ ದಾರಿಗೆ ತರುವ ಶಾಲೆ ಅದು. ಮನೆ ಬಿಟ್ಟು ದೂರ. ಆ ಹದಿಹರೆಯದಲ್ಲೇ ಅಪ್ಪ ತೀರಿಕೊಂಡರು.

ಇಂಥ ಹುಡುಗರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತೆ, ಒಂದು ಜೈಲಿಗೆ ಹೋಗುತ್ತೆ. ಬ್ರೂನೋ ಇನ್ನೊಂದು ಹಿಡಿದ. ಬಾಕ್ಸಿಂಗ್ ಅವನ ಕೈಗೆ ಕೆಲಸ ಕೊಟ್ಟಿತು. 1980ರಲ್ಲಿ, 18ನೇ ವಯಸ್ಸಿಗೆ ಬ್ರಿಟನ್ನಿನ ಹವ್ಯಾಸಿ ಹೆವಿವೇಟ್ ಚಾಂಪಿಯನ್ ಆದ.

ಇನ್ನೇನು ವೃತ್ತಿಪರ ಬಾಕ್ಸಿಂಗ್‌ಗೆ ಇಳಿಯಬೇಕು, ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಬಲಗಣ್ಣಿನಲ್ಲಿ ದೃಷ್ಟಿ ದೋಷ. ಇಂಥ ಕಣ್ಣಿಟ್ಟುಕೊಂಡು ರಿಂಗಿಗೆ ಇಳಿಯೋಕೆ ಲೈಸೆನ್ಸ್ ಸಿಗಲ್ಲ. ಚಿಕಿತ್ಸೆ ಹುಡುಕಿಕೊಂಡು ಹುಡುಗ ದಕ್ಷಿಣ ಅಮೆರಿಕದ ಕೊಲಂಬಿಯಾಕ್ಕೆ ಹೋದ. ಬೊಗೊಟಾ ನಗರದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ. ಈ ಕಣ್ಣನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1982ರ ಮಾರ್ಚ್. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಮೊದಲ ವೃತ್ತಿಪರ ಪಂದ್ಯ, ಮೊದಲ ಸುತ್ತಿನಲ್ಲೇ ನಾಕೌಟ್. ಅಲ್ಲಿಂದ ಸಾಲಾಗಿ 21 ಪಂದ್ಯ, 21 ಗೆಲುವು. ಒಬ್ಬನೂ ಪೂರ್ತಿ ಅವಧಿ ನಿಲ್ಲಲಿಲ್ಲ. ಬ್ರಿಟನ್ನಿಗೆ ಹುಚ್ಚೇ ಹಿಡೀತು.

ನೋಡಿ, ಈಗ ನಾನು "ಹುಚ್ಚು" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಆ ಪದಕ್ಕೂ ಆಮೇಲೆ ಬರ್ತೀನಿ.

1984ರ ಮೇ ತಿಂಗಳು. ವೆಂಬ್ಲಿ. ಎದುರಿಗೆ ಜೇಮ್ಸ್ ಸ್ಮಿತ್. ಅಡ್ಡಹೆಸರು "ಬೋನ್‌ಕ್ರಷರ್", ಅಂದರೆ ಮೂಳೆ ಮುರಿಯುವವನು. ಹತ್ತು ಸುತ್ತಿನ ಪಂದ್ಯ. ಒಂಬತ್ತು ಸುತ್ತು ಮುಗಿದಾಗ ಬ್ರೂನೋನೇ ಮುಂದಿದ್ದ. ಹತ್ತನೇ ಸುತ್ತಿನಲ್ಲಿ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರೆ ಸಾಕಿತ್ತು. ಸ್ಮಿತ್ ಒಂದು ಏಟು ಕೊಟ್ಟ. ಬ್ರೂನೋ ಬೀಳಲೂ ಇಲ್ಲ, ತಪ್ಪಿಸಿಕೊಳ್ಳಲೂ ಇಲ್ಲ, ಎದುರಾಳಿಯನ್ನ ಅಪ್ಪಿ ಹಿಡಿದು ಉಸಿರು ತಗೊಳ್ಳಲೂ ಇಲ್ಲ. ಹಗ್ಗಕ್ಕೆ ಒರಗಿ ನಿಂತು ಏಟಿನ ಮೇಲೆ ಏಟು ತಿಂದ. ಆಮೇಲೆ ಕುಸಿದ. ಅದು ಒಂದನೇ ಸೋಲು.

ಬ್ರೂನೋನ ಬಲವೂ ದೌರ್ಬಲ್ಯವೂ ಆ ಒಂದು ಸುತ್ತಿನಲ್ಲಿದೆ. ಹೊಡೆದರೆ ಎದುರಿಗಿದ್ದವನು ಏಳ್ತಿರಲಿಲ್ಲ. ಆದರೆ ಇವನಿಗೇ ದೊಡ್ಡ ಏಟು ಬಿದ್ದಾಗ ದೇಹ ಮರಗಟ್ಟಿದಂತೆ ನಿಂತುಬಿಡ್ತಿತ್ತು. ಓಡಿಹೋಗೋದು, ನೆಲಕ್ಕೆ ಮಂಡಿಯೂರಿ ಎಣಿಕೆ ಹತ್ತಕ್ಕೆ ಮುಟ್ಟುವ ಮೊದಲು ಸುಧಾರಿಸಿಕೊಳ್ಳೋದು, ಈ ಚಾಲಾಕಿತನ ಅವನಿಗೆ ಒಗ್ಗಲಿಲ್ಲ.

1986ರ ಜುಲೈ. ಮತ್ತೆ ವೆಂಬ್ಲಿ, ಈ ಸಲ ದೊಡ್ಡ ಸ್ಟೇಡಿಯಂನಲ್ಲಿ. ಟಿಮ್ ವಿದರ್‌ಸ್ಪೂನ್ ಎದುರು ಡಬ್ಲ್ಯುಬಿಎ ವಿಶ್ವ ಪಟ್ಟಕ್ಕೆ ಮೊದಲ ಪ್ರಯತ್ನ. ಹತ್ತು ಸುತ್ತು ಚೆನ್ನಾಗೇ ಕಾದಾಡಿದ. ಹನ್ನೊಂದನೇ ಸುತ್ತಿನಲ್ಲಿ ಮುಗೀತು. ಎರಡನೇ ಸೋಲು.

1989ರ ಫೆಬ್ರವರಿ. ಅಮೆರಿಕದ ಲಾಸ್ ವೇಗಸ್. ಎದುರಿಗೆ ಮೈಕ್ ಟೈಸನ್. ಆಗ ಟೈಸನ್‌ಗೆ 22 ವರ್ಷ, 35 ಪಂದ್ಯ ಆಡಿ ಒಂದೂ ಸೋತಿರಲಿಲ್ಲ. ಅವನ ಎದುರು ನಿಲ್ಲೋಕೇ ಜನ ಹೆದರುತ್ತಿದ್ದ ಕಾಲ. ಗಂಟೆ ಹೊಡೆದ ಕೆಲವೇ ಕ್ಷಣದಲ್ಲಿ ಬ್ರೂನೋ ನೆಲದ ಮೇಲಿದ್ದ. ಮುಗೀತು ಅಂದುಕೊಂಡರು ಎಲ್ಲರೂ. ಎದ್ದ. ಎದ್ದವನು ಅದೇ ಸುತ್ತಿನಲ್ಲಿ ಒಂದು ಎಡಗೈ ಹುಕ್ ಬೀಸಿದ ನೋಡಿ, ಟೈಸನ್ ಕಾಲು ತೊಡರಿತು!

ರಿಂಗಿನ ಪಕ್ಕ ಬಿಬಿಸಿಯ ಹ್ಯಾರಿ ಕಾರ್ಪೆಂಟರ್ ಕೂತಿದ್ದರು. ಬಹಳ ಹಿರಿಯ ಕಾಮೆಂಟೇಟರ್. ತೂಕದ ಮನುಷ್ಯ. ಆ ಕ್ಷಣದಲ್ಲಿ ಅವರು ಕಾಮೆಂಟರಿ ಅನ್ನೋದನ್ನೇ ಮರೆತು, ಒಳಗೆ ನುಗ್ಗು ಫ್ರಾಂಕ್ ಅಂತ ಮೈಕ್‌ನಲ್ಲೇ ಕೂಗಿಬಿಟ್ಟರು. ನಮ್ಮ ವೃತ್ತಿಯ ನಿಯಮದ ಪ್ರಕಾರ ಅದು ತಪ್ಪು, ಪಕ್ಷ ವಹಿಸಬಾರದು. ಆದರೆ ಅವತ್ತು ಇಡೀ ಬ್ರಿಟನ್ ಕೂಗಿದ್ದೂ ಅದನ್ನೇ. ಐದನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದ. ಮೂರನೇ ಸೋಲು.

ವಿಚಿತ್ರ ಏನು ಗೊತ್ತಾ? ಪ್ರತಿ ಸೋಲಿನ ನಂತರ ಬ್ರೂನೋ ಮೇಲೆ ಜನರ ಪ್ರೀತಿ ಜಾಸ್ತಿ ಆಗ್ತಾ ಹೋಯ್ತು. ದೊಡ್ಡ ಮೈ, ದಪ್ಪ ದನಿ, ಮಗುವಿನ ನಗು. ಇಂಟರ್‌ವ್ಯೂನಲ್ಲಿ ಮಾತು ಮಾತಿಗೂ "ನಾನ್ ಹೇಳಿದ್ದು ಗೊತ್ತಾಯ್ತಲ್ವಾ, ಹ್ಯಾರಿ?" ಅಂತ ಅದೇ ಕಾರ್ಪೆಂಟರ್ ಅವರನ್ನ ಕೇಳ್ತಿದ್ದ. ಅದು ಬ್ರಿಟನ್ನಿನ ಮನೆಮಾತೇ ಆಯ್ತು. ಮಕ್ಕಳು ಶಾಲೆಯಲ್ಲಿ ಅದನ್ನೇ ಅಣಕಿಸ್ತಿದ್ದರು. ಸಾಸ್ ಜಾಹೀರಾತಿನಲ್ಲಿ ಬಂದ. ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳಿಗಾಗಿ ಆಡುವ ಪ್ಯಾಂಟೊಮೈಮ್ ಅನ್ನೋ ಹಾಸ್ಯ ನಾಟಕಗಳಲ್ಲಿ ವೇಷ ಹಾಕಿ ಕುಣಿದ. 1990ರಲ್ಲಿ ರಾಣಿಯಿಂದ ಎಂಬಿಇ ಗೌರವ ಬಂತು. ವಿಶ್ವ ಪಟ್ಟ ಇನ್ನೂ ಬಂದಿರಲಿಲ್ಲ.

1993ರ ಅಕ್ಟೋಬರ್. ವೇಲ್ಸ್‌ನ ಕಾರ್ಡಿಫ್. ಎದುರಿಗೆ ಇನ್ನೊಬ್ಬ ಬ್ರಿಟಿಷ್ ಬಾಕ್ಸರ್ ಲೆನಾಕ್ಸ್ ಲೂಯಿಸ್, ಡಬ್ಲ್ಯುಬಿಸಿ ಚಾಂಪಿಯನ್. ಅಲ್ಲಿ ಏಟಿಗಿಂತ ಮೊದಲು ಮಾತು ಬಿತ್ತು. ಬಿಳಿಯರನ್ನ ಮೆಚ್ಚಿಸೋಕೆ ಬಗ್ಗಿ ನಡೆಯುವ ಕರಿಯ ಅನ್ನುವ ಅರ್ಥದ "ಅಂಕಲ್ ಟಾಮ್" ಅನ್ನೋ ಬೈಗುಳ. ಜಾಹೀರಾತು, ನಾಟಕ, ನಗು, ಎಲ್ಲವನ್ನೂ ಅವನ ವಿರುದ್ಧವೇ ತಿರುಗಿಸಿದರು. ಏಳನೇ ಸುತ್ತಿನಲ್ಲಿ ಸೋತ. ಅದು ನಾಲ್ಕನೆಯದು. ಆದರೆ ಏಟಿಗಿಂತ ಆ ಮಾತು ಒಳಗೆ ಇಳಿದಿತ್ತು. ಹೇಗೆ ಗೊತ್ತು? ಗೆದ್ದ ದಿನ ಅದೇ ಹೊರಗೆ ಬಂತು.

ಗೆದ್ದ ದಿನ 1995ರ ಸೆಪ್ಟೆಂಬರ್ 2. ವೆಂಬ್ಲಿ ಸ್ಟೇಡಿಯಂ. ಲೆನಾಕ್ಸ್ ಲೂಯಿಸ್‌ನನ್ನೇ ಎರಡನೇ ಸುತ್ತಿನಲ್ಲಿ ಮುಗಿಸಿ ಪಟ್ಟ ಕಿತ್ತುಕೊಂಡಿದ್ದ ಅಮೆರಿಕದ ಆಲಿವರ್ ಮೆಕಾಲ್ ಎದುರಿಗಿದ್ದ. ಬ್ರೂನೋಗೆ 33 ವರ್ಷ. ನಾಲ್ಕನೇ ಪ್ರಯತ್ನ, ಬಹುಶಃ ಕೊನೆಯದು ಅಂತ ಎಲ್ಲರಿಗೂ ಗೊತ್ತಿತ್ತು. 12 ಸುತ್ತು. ಮೊದಲ ಸುತ್ತುಗಳಲ್ಲಿ ಬ್ರೂನೋದೇ ಮೇಲುಗೈ. ಕೊನೆಗೆ ಬಂದಾಗ ಉಸಿರು ಕಟ್ಟಿತು, ಮೆಕಾಲ್ ಮೇಲೆ ಬಿದ್ದ. ವೆಂಬ್ಲಿ ಹೆದರಿತು. ಹನ್ನೊಂದು ವರ್ಷದ ಹಿಂದೆ ಸ್ಮಿತ್ ಎದುರು ಆದದ್ದೇ ಆಗುತ್ತಾ? ಆಗಲಿಲ್ಲ. ಈ ಸಲ ಬ್ರೂನೋ ಎದುರಾಳಿಯನ್ನ ಅಪ್ಪಿ ಹಿಡಿದ. ತೂಗಾಡಿದ. ಬೀಳಲಿಲ್ಲ. ಗಂಟೆ ಹೊಡೆಯಿತು. ಮೂವರು ತೀರ್ಪುಗಾರರೂ ಅವನ ಕಡೆಗೆ. ಫ್ರಾಂಕ್ ಬ್ರೂನೋ ವಿಶ್ವ ಹೆವಿವೇಟ್ ಚಾಂಪಿಯನ್!

ಟಿವಿಯವರು ಮೈಕ್ ಹಿಡಿದರು. ಸಂತೋಷದ ಮಾತು ಬರುತ್ತೆ ಅಂತ ಕಾದರು. ಆ ಮನುಷ್ಯ ಅತ್ತುಬಿಟ್ಟ. ನಾನು ಅಂಕಲ್ ಟಾಮ್ ಅಲ್ಲ, ನನ್ನ ಜನರನ್ನ ನಾನು ಪ್ರೀತಿಸ್ತೀನಿ ಅಂತ ಅಳ್ತಾ ಹೇಳಿದ. ವಿಶ್ವ ಚಾಂಪಿಯನ್ ಆದ ಐದು ನಿಮಿಷಕ್ಕೆ, ಎರಡು ವರ್ಷ ಹಳೆಯ ಬೈಗುಳಕ್ಕೆ ಉತ್ತರ ಕೊಡ್ತಿದ್ದ. ಏಟು ವಾಸಿಯಾಗುತ್ತೆ ಸ್ವಾಮಿ, ಹೆಸರಿಟ್ಟು ಕರೆದದ್ದು ವಾಸಿಯಾಗಲ್ಲ.

ಪಟ್ಟ ಅವನ ಬಳಿ ಇದ್ದದ್ದು ಆರು ತಿಂಗಳು ಚಿಲ್ಲರೆ. 1996ರ ಮಾರ್ಚ್ 16, ಲಾಸ್ ವೇಗಸ್, ಮತ್ತೆ ಟೈಸನ್. ರಿಂಗಿಗೆ ನಡೆದು ಬರುವಾಗ ಬ್ರೂನೋ ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಳ್ತಾ ಬಂದ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಆ ದೃಶ್ಯ ನೋಡಿದವರು ಪಂದ್ಯ ಶುರುವಾಗುವ ಮೊದಲೇ ಮುಗೀತು ಅಂದರು. ಮೂರನೇ ಸುತ್ತಿಗೆ ಮುಗೀತು. ಐದನೇ ಸೋಲು. ಆಮೇಲೆ ಆ ಕಣ್ಣು. ಮತ್ತೆ ಆಡಿದರೆ ದೃಷ್ಟಿ ಹೋಗಬಹುದು ಅಂದರು ವೈದ್ಯರು. ಬ್ರೂನೋ ಗ್ಲೌಸ್ ತೆಗೆದಿಟ್ಟ.

ಇಲ್ಲಿಗೆ ಕ್ರೀಡಾ ಪುಟದ ಕಥೆ ಮುಗಿಯುತ್ತೆ. ನನ್ನ ಕಥೆ ಶುರುವಾಗೋದು ಇಲ್ಲಿಂದ.

ಬೆಳಗ್ಗೆ ಐದಕ್ಕೆ ಎದ್ದು ಓಡ್ತಿದ್ದವನಿಗೆ ಒಂದು ದಿನ ಓಡೋಕೆ ಕಾರಣವೇ ಇಲ್ಲ ಅಂದರೆ ಏನಾಗುತ್ತೆ? ನಮ್ಮಲ್ಲಿ ರಿಟೈರ್ ಆದ ಮೇಷ್ಟ್ರು, ಪೊಲೀಸರು, ಬಸ್ ಡ್ರೈವರ್‌ಗಳ ಮನೆಯವರನ್ನ ಕೇಳಿ, ಹೇಳ್ತಾರೆ. ಇವನಿಗಂತೂ 34 ವರ್ಷಕ್ಕೇ ಆ ದಿನ ಬಂತು. 2001ರಲ್ಲಿ ವಿಚ್ಛೇದನ ಆಯ್ತು. 2002ರಲ್ಲಿ, ಅವನನ್ನ ಚಾಂಪಿಯನ್ ಮಾಡಿದ ತರಬೇತುದಾರ ಜಾರ್ಜ್ ಫ್ರಾನ್ಸಿಸ್ ತಮ್ಮ ಜೀವವನ್ನ ತಾವೇ ಕಳೆದುಕೊಂಡರು. ಕೊಕೇನ್ ಕೂಡ ಹತ್ತಿರ ಬಂದಿತ್ತು. ಅದನ್ನ ಬೇರೆಯವರು ಪತ್ತೆ ಹಚ್ಚಿದ್ದಲ್ಲ, ಆಮೇಲೆ ಅವನೇ ಬಾಯಿಬಿಟ್ಟು ಹೇಳಿದ್ದು. ನಿದ್ದೆ ಹೋಯಿತು. ನಡವಳಿಕೆ ಬದಲಾಯಿತು. ಮನೆಯವರಿಗೆ ಭಯ ಆಯಿತು.

2003ರ ಸೆಪ್ಟೆಂಬರ್ 22. ಎಸೆಕ್ಸ್‌ನ ಅವನ ಮನೆಗೆ ವೈದ್ಯಕೀಯ ಸಿಬ್ಬಂದಿ ಬಂದರು, ಜೊತೆಗೆ ಪೊಲೀಸರು. ಬ್ರಿಟನ್ನಿನ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವನನ್ನ ಗುಡ್‌ಮೇಯಸ್ ಆಸ್ಪತ್ರೆಗೆ ಸೇರಿಸಿದರು. ಕಾಯಿಲೆಯ ಹೆಸರು ಬೈಪೋಲಾರ್ ಡಿಸಾರ್ಡರ್. ಮನಸ್ಸು ಕೆಲವು ದಿನ ಆಕಾಶಕ್ಕೆ ಹಾರುತ್ತೆ, ಕೆಲವು ದಿನ ಪಾತಾಳಕ್ಕೆ ಬೀಳುತ್ತೆ. ಸಕ್ಕರೆ ಕಾಯಿಲೆ, ಬಿಪಿ ಇದ್ದಹಾಗೆ ಇದೂ ಒಂದು ಕಾಯಿಲೆ. ಔಷಧ ಇದೆ, ಚಿಕಿತ್ಸೆ ಇದೆ.

ಅದೇ ರಾತ್ರಿ ಬ್ರಿಟನ್ನಿನ ಅತಿ ಹೆಚ್ಚು ಮಾರಾಟದ "ದಿ ಸನ್" ಪತ್ರಿಕೆ ಮುದ್ರಣಕ್ಕೆ ಹೋಯಿತು. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದರು: "ಬಾಂಕರ್ಸ್ ಬ್ರೂನೋ ಲಾಕ್ಡ್ ಅಪ್." ನಮ್ಮ ಭಾಷೆಯಲ್ಲಿ ಹೇಳೋದಾದರೆ, "ತಲೆಕೆಟ್ಟ ಬ್ರೂನೋಗೆ ಬೀಗ."

ನಾಲ್ಕೇ ಪದ. ಒಂದೊಂದನ್ನೂ ನೋಡಿ. "ಬಾಂಕರ್ಸ್" ಅನ್ನೋದು ಬೀದಿಯಲ್ಲಿ ಹುಡುಗರು ತಮಾಷೆಗೆ ಬೈಯುವ ಪದ. "ಲಾಕ್ಡ್ ಅಪ್" ಅನ್ನೋದು ಕಳ್ಳನನ್ನ ಸ್ಟೇಷನ್ನಿಗೆ ಹಾಕಿದಾಗ ಹೇಳುವ ಮಾತು. ಏನು ಕದ್ದಿದ್ದ ಬ್ರೂನೋ? ಯಾರಿಗೆ ಹೊಡೆದಿದ್ದ? ಕಾಯಿಲೆ ಬಿದ್ದಿದ್ದ, ಆಸ್ಪತ್ರೆಗೆ ಸೇರಿಸಿದ್ದರು, ಅಷ್ಟೇ. ಆ ಎರಡು ಪದದ ಮಧ್ಯೆ ಅವನ ಹೆಸರನ್ನ ತೂರಿಸಿದರು. ಯಾಕೆ? ಬ ಕಾರಕ್ಕೆ ಬ ಕಾರ ಪ್ರಾಸ ಚೆನ್ನಾಗಿ ಕೂತಿತ್ತು. ಅಷ್ಟಕ್ಕೇ.

ಆಮೇಲೆ ಏನಾಯ್ತು ಗೊತ್ತಾ? ಪತ್ರಿಕೆಗಳಿಗೆ ಒಂದೇ ರಾತ್ರಿಯಲ್ಲಿ ಹಲವು ಆವೃತ್ತಿ ಇರುತ್ತೆ. ನಮ್ಮಲ್ಲೂ ದೂರದ ಜಿಲ್ಲೆಗಳಿಗೆ ಹೋಗುವ ಪ್ರತಿ ಮೊದಲು ಅಚ್ಚಾಗುತ್ತೆ, ಬೆಂಗಳೂರು ನಗರದ್ದು ಕೊನೆಗೆ. ಹಾಗೆ ಮೊದಲ ಆವೃತ್ತಿ ಹೊರಬಿತ್ತು. ನೋಡಿದ ಜನ ಕೆರಳಿದರು. ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಘಟನೆಗಳು ಕೆರಳಿದವು. ಬೆಳಗಾಗುವವರೆಗೂ ಕಾಯಲಿಲ್ಲ. ಮುಂದಿನ ಆವೃತ್ತಿ ಬರುವಷ್ಟರಲ್ಲಿ ತಲೆಬರಹ ಬದಲಾಗಿತ್ತು: "ಸ್ಯಾಡ್ ಬ್ರೂನೋ ಇನ್ ಮೆಂಟಲ್ ಹೋಂ." ಪಾಪ, ಬ್ರೂನೋ ಮಾನಸಿಕ ಆಸ್ಪತ್ರೆಯಲ್ಲಿ ಅಂತ. ಮರುದಿನ ಅದೇ ಪತ್ರಿಕೆ ಮಾನಸಿಕ ಆರೋಗ್ಯದ ಒಂದು ಸಂಸ್ಥೆಗಾಗಿ ನಿಧಿ ಸಂಗ್ರಹವನ್ನೂ ಶುರು ಮಾಡಿತು.

ಪತ್ರಿಕೆಗೆ ಜ್ಞಾನೋದಯ ಆಯ್ತು ಅಂತ ನಾನು ಹೇಳ್ತಿಲ್ಲ. ಹೆದರಿತು. ಯಾರಿಗೆ ಹೆದರಿತು? ಸರ್ಕಾರಕ್ಕಲ್ಲ, ಕೋರ್ಟಿಗಲ್ಲ. ಓದುಗರಿಗೆ. ಓದುಗರು ಯಾಕೆ ಸಿಟ್ಟಾದರು? ಅವರು ಬ್ರೂನೋನ ಐದು ಸೋಲನ್ನೂ ನೋಡಿದ್ದರು. ಹಗ್ಗಕ್ಕೆ ಒರಗಿ ಏಟು ತಿನ್ನುವಾಗ ಅವನ ಪರವಾಗಿ ಕೂಗಿದ್ದರು. ಈಗ ಮತ್ತೆ ಹಗ್ಗಕ್ಕೆ ಒರಗಿ ನಿಂತವನಿಗೆ ಹೊಡೀತಿದ್ದೀರಲ್ಲ ಅಂತ ಕೇಳಿದರು. ಜೊತೆಗೆ ಇನ್ನೊಂದು ಕಾರಣ ಇದೆ. ಅದು ಬರೀ ಬ್ರೂನೋ ಬಗ್ಗೆ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಒಬ್ಬ ಅಣ್ಣ, ಒಬ್ಬಳು ಮಗಳು, ಒಬ್ಬ ತಾಯಿ ಅದೇ ಕಾಯಿಲೆಯಲ್ಲಿ ಇದ್ದರು. ಆ ತಲೆಬರಹ ಅವರಿಗೂ ಬಿದ್ದಿತ್ತು.

ಈಗ ನನ್ನ ಸರದಿ.

ಎಷ್ಟೋ ವರ್ಷದ ಹಿಂದಿನ ಮಾತು. ನಾನಿನ್ನೂ ಹೊಸಬ. ಒಂದು ಸಂಜೆ ದೃಶ್ಯ ಬಂತು. ನಡುರಸ್ತೆಯಲ್ಲಿ ಒಬ್ಬ ಮನುಷ್ಯ, ಅಂಗಿ ಇಲ್ಲ, ವಾಹನ ನಿಲ್ಲಿಸಿ ಏನೇನೋ ಕೂಗ್ತಿದ್ದಾನೆ. ಸ್ಕ್ರೀನ್ ಮೇಲೆ "ಹುಚ್ಚನ ಅವಾಂತರ" ಅಂತ ಹಾಕಿದ್ದರು. ನಾನು ಅದನ್ನ ಏರುದನಿಯಲ್ಲಿ ಓದಿದೆ. ಹಿಂದೆ ಒಂದು ತಮಾಷೆ ಮ್ಯೂಸಿಕ್ ಬೇರೆ. ಗಂಟೆಗಟ್ಟಲೆ ತಿರುಗಿಸಿ ತಿರುಗಿಸಿ ಹಾಕಿದೆವು. ರಾತ್ರಿ ಆಫೀಸಿಗೆ ಒಂದು ಫೋನ್ ಬಂತು, ನನಗೇ ಕೊಟ್ಟರು. ಒಬ್ಬ ಹೆಣ್ಣುಮಗಳು. ಬೈಯಲಿಲ್ಲ. "ಸಾರ್, ಅವನು ನನ್ನ ತಮ್ಮ. ಮಾತ್ರೆ ಬಿಟ್ಟು ಹದಿನೈದು ದಿನ ಆಗಿತ್ತು. ಬೆಳಗ್ಗೆಯಿಂದ ಹುಡುಕ್ತಿದ್ವಿ. ಎಲ್ಲಿದ್ದಾನೆ ಅಂತ ನಿಮ್ಮ ಟಿವಿ ನೋಡಿ ಗೊತ್ತಾಯ್ತು. ಸಿಕ್ಕಿದ. ಈಗ ದಯವಿಟ್ಟು ಅದನ್ನ ತೆಗೀರಿ, ನಮ್ಮಮ್ಮ ನೋಡ್ತಿದ್ದಾರೆ" ಅಂದರು.

ತೆಗೆಸಿದೆ. ಆದರೆ ಓದಿದ್ದನ್ನ ತೆಗೆಯೋಕೆ ಆಗುತ್ತಾ? ಬರೆದವರು ಯಾರೋ, ಹಾಕಿದವರು ಯಾರೋ ಅಂತ ಜಾರಿಕೊಳ್ಳಬಹುದು. ದನಿ ನನ್ನದು. ಬ್ರೂನೋ ಸುದ್ದಿ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಫೋನು.

ನಮ್ಮ ಕನ್ನಡದಲ್ಲೂ ಆ ಪದ ಎಲ್ಲ ಕಡೆ ಇದೆ. ಜಗಳ ಆದರೆ "ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂತೀವಿ. ಸಿನಿಮಾದಲ್ಲಿ ಅದಕ್ಕೆ ನಗ್ತೀವಿ. ಇಡೀ ದೇಶದಿಂದ ಜನ ಚಿಕಿತ್ಸೆಗೆ ಹುಡುಕಿಕೊಂಡು ಬರುವ ಸಂಸ್ಥೆ ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಹೆಮ್ಮೆ ಪಡಬೇಕಾದ ಹೆಸರನ್ನ ಬೈಗುಳ ಮಾಡಿಕೊಂಡವರು ನಾವು. ಅದರ ಬೆಲೆ ಯಾರು ಕೊಡ್ತಾರೆ? ಜನ ಏನಂತಾರೋ ಅಂತ ಹೆದರಿ, ಆ ಗೇಟಿನ ಒಳಗೆ ಹೋಗದೆ ಮನೆಯಲ್ಲೇ ನರಳುವವರು ಕೊಡ್ತಾರೆ.

ಕಾನೂನು ನಮ್ಮಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 24ನೇ ಸೆಕ್ಷನ್ ಏನು ಹೇಳುತ್ತೆ? ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿಯ ಫೋಟೋ ಆಗಲಿ, ಮಾಹಿತಿ ಆಗಲಿ, ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ನಮ್ಮ ಎಷ್ಟು ಸುದ್ದಿ ಮನೆಗಳಲ್ಲಿ ಇದನ್ನ ಓದಿದ್ದಾರೆ? ನಾನು ಓದಿದ್ದೇ ತಡವಾಗಿ.

ಸರಿ, ಬ್ರೂನೋ ಏನಾದ? ಕೆಲವು ವಾರದ ನಂತರ ಆಸ್ಪತ್ರೆಯಿಂದ ಹೊರಗೆ ಬಂದ. ಮುಚ್ಚಿಡಲಿಲ್ಲ. 2005ರಲ್ಲಿ ಆತ್ಮಕಥೆ ಬರೆದು ಎಲ್ಲವನ್ನೂ ಹೇಳಿಕೊಂಡ. ಕಥೆ ಅಲ್ಲಿಗೆ ಸುಖಾಂತ್ಯ ಆಗಲಿಲ್ಲ. 2012ರಲ್ಲಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಮತ್ತೆ ಎದ್ದ. ಮಗಳು ರೇಚಲ್ ಅಪ್ಪನ ಕಾಯಿಲೆ ಬಗ್ಗೆ, ಆ ಮನೆಯಲ್ಲಿ ಮಗಳಾಗಿ ಬದುಕೋದು ಹೇಗೆ ಅನ್ನೋದರ ಬಗ್ಗೆ ಬಿಬಿಸಿಯಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದಳು. ಈಗ ಫ್ರಾಂಕ್ ಬ್ರೂನೋ ಫೌಂಡೇಶನ್ ಅಂತ ಒಂದು ಸಂಸ್ಥೆ ಇದೆ. ಮನಸ್ಸು ಕುಸಿದವರಿಗೆ ಅಲ್ಲಿ ಬಾಕ್ಸಿಂಗ್ ಕಲಿಸ್ತಾರೆ. ಯಾರೂ ಯಾರಿಗೂ ಹೊಡೆಯಲ್ಲ. ಮೈ ಬೆವರಿಸ್ತಾರೆ, ಕೂತು ಮಾತಾಡ್ತಾರೆ. ಆ ಕಾರ್ಯಕ್ರಮದ ಹೆಸರು "ರೌಂಡ್ ಬೈ ರೌಂಡ್." ಒಂದೊಂದೇ ಸುತ್ತು ಅಂತ.

1984ರಲ್ಲಿ ಸ್ಮಿತ್ ಎದುರು ನಿಂತಾಗ ಬ್ರೂನೋಗೆ ಯಾರನ್ನಾದರೂ ಹಿಡಿದುಕೊಳ್ಳೋಕೆ ಬರುತ್ತಿರಲಿಲ್ಲ. 1995ರಲ್ಲಿ ಹಿಡಿದುಕೊಂಡ, ಚಾಂಪಿಯನ್ ಆದ. ಕುಸಿಯುವಾಗ ಕೈಚಾಚಿ ಹಿಡಿದುಕೊಳ್ಳೋದು ಅವಮಾನ ಅಲ್ಲ. ಬಾಕ್ಸಿಂಗ್‌ನಲ್ಲಿ ಅದೂ ಕಲಿಯಬೇಕಾದ ವಿದ್ಯೆ. ನಿಮಗೋ, ನಿಮ್ಮ ಮನೆಯಲ್ಲಿ ಯಾರಿಗೋ ಹಾಗೆ ಅನ್ನಿಸ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಫೋನ್ ನಮಗೂ ಮಾಡಿ. ಟಿವಿ ಮುಂದೆ ಕೂತು ಬೈದರೆ ನಮಗೆ ಕೇಳಿಸಲ್ಲ. ನಮ್ಮ ಸ್ಕ್ರೀನ್ ಮೇಲೆ ಯಾವತ್ತಾದರೂ ಅಂಥ ಪದ ಕಂಡರೆ ಆಫೀಸಿಗೆ ಫೋನ್ ಮಾಡಿ, ತೆಗೀರಿ ಅಂತ ಹೇಳಿ. ಒಬ್ಬರು ಮಾಡಿದರೆ ಕೇಳ್ತೀವೋ ಇಲ್ಲವೋ. ನೂರು ಜನ ಮಾಡಿದರೆ ಕೇಳಲೇಬೇಕು. ಲಂಡನ್ನಿನಲ್ಲಿ ಒಂದೇ ರಾತ್ರಿಯಲ್ಲಿ ತಲೆಬರಹ ಬದಲಾಯಿತು. ಬದಲಾಯಿಸಿದ್ದು ನಿಮ್ಮಂಥವರೇ.